ಓಟಕ್ಕೊಂದು ಕಟ್ಟಳೆ

ಈ ಸಂಚಿಕೆಗೆ ಮೋಟಾರು ಓಟವನ್ನು ಕುರಿತು ಬರೆಯುತ್ತೇನೆಂದು ಹೇಳಿದಾಗ ನನ್ನ ಸಹಪಾಠಿಗಳು ನಕ್ಕರು. ಅವರು ನಕ್ಕುದರಲ್ಲಿ ತಪ್ಪಿಲ್ಲ. ನಮ್ಮ ಮನೆಯಲ್ಲಿ ಕಾರಿಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗನು. ಶಿರಹಟ್ಟಿ ತಾಲೂಕಿನ ಒಂದು ಹಳ್ಳಿಯಿಂದ ಗದುಗಿಗೆ ಬಂದು ಓದುತ್ತಿರುವ ನನಗೂ, ಚೆನ್ನೈ ಕೊಯಮತ್ತೂರುಗಳಲ್ಲಿ ನಡೆಯುವ ರಾಷ್ಟ್ರೀಯ ಕಾರು ಓಟಕ್ಕೂ ಏನು ಸಂಬಂಧ? ಸಂಬಂಧವಿದೆಯೆಂದು ತೋರಿಸುವುದೇ ಈ ಲೇಖನದ ಉದ್ದೇಶ. ಆ ಸಂಬಂಧದ ಕೊಂಡಿಯೆಂದರೆ ನಮ್ಮ ಕಡೆಯ ಖಾಲಿ ಗಾಡಾ ಓಡಿಸುವ ಸ್ಪರ್ಧೆ.

ಕಾರು ಓಟವನ್ನು ನಾನು ಮೊದಲು ಕಂಡುದು ವಸತಿನಿಲಯದ ಗೆಳೆಯನ ಮೊಬೈಲಿನಲ್ಲಿ. ಮೊದಲಿಗೆ ಅದು ಬರಿಯ ಗದ್ದಲವಾಗಿ ತೋರಿತು. ನೋಡುತ್ತ ಹೋದಂತೆ ಓಟಕ್ಕಿಂತಲೂ ಓಟದ ಹಿಂದಿರುವ ಕಟ್ಟಳೆಗಳೇ ನನ್ನ ಮನಸ್ಸನ್ನು ಹಿಡಿದವು. ಆಮೇಲೆ ಅದರ ವಿಷಯ ಸಿಕ್ಕಷ್ಟನ್ನು ಓದಿದೆನು. ಓದಿದಂತೆಲ್ಲ ನನಗೆ ನಮ್ಮೂರಿನ ಎರೆಹೊಲ, ನಮ್ಮಣ್ಣ, ನಮ್ಮ ಮನೆಯ ಎತ್ತುಗಳು ನೆನಪಾಗತೊಡಗಿದವು.

ಟೂರಿಂಗ್ ಕಾರುಗಳ ಓಟವೆಂದರೆ ಏನೆಂಬುದನ್ನು ಮೊದಲು ಹೇಳುವೆನು. ಫಾರ್ಮುಲಾ ಒನ್ ಓಟದ ವಾಹನವನ್ನು ಯಾರೂ ಪೇಟೆಗೆ ತರಲಾರರು. ಅದು ಓಟಕ್ಕಾಗಿಯೇ ಹುಟ್ಟಿದ್ದು. ಟೂರಿಂಗ್ ಕಾರು ಹಾಗಲ್ಲ. ನಾವು ದಿನವೂ ರಸ್ತೆಯಲ್ಲಿ ಕಾಣುವ ಕಾರೇ ಅದರ ಮೂಲ. ಒಳಗಿನ ಆಸನಗಳನ್ನು ಕಿತ್ತು, ಚಾಲಕನ ಸುತ್ತ ಉಕ್ಕಿನ ಪಂಜರವನ್ನು ಬೆಸೆದು, ಗಟ್ಟಿಯಾದ ಪಟ್ಟಿಗಳಿಂದ ಅವನನ್ನು ಆಸನಕ್ಕೆ ಬಿಗಿದು, ಬೆಂಕಿ ಆರಿಸುವ ಸಾಧನವನ್ನಿಟ್ಟು ಅದನ್ನು ಓಟಕ್ಕೆ ಅಣಿ ಮಾಡುತ್ತಾರೆ. ನಮ್ಮ ದೇಶದಲ್ಲಿ ಮಾರುತಿ ಎಸ್ಟೀಮ್, ಹೋಂಡಾ ಸಿಟಿ, ಫೋಕ್ಸ್‌ವಾಗನ್ ಪೋಲೋ ಮೊದಲಾದ ಕಾರುಗಳು ಹೀಗೆ ಓಡಿವೆ. ನಮ್ಮ ಬಿಡದಿಯ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ, ನಾವೆಲ್ಲ ಬಾಡಿಗೆ ಗಾಡಿಯೆಂದು ಬಲ್ಲ ಎಟಿಯೋಸ್ ಕಾರು ಕೂಡ ಒಂದು ಕಾಲಕ್ಕೆ ಓಟದ ಪಥಕ್ಕೆ ಇಳಿದಿತ್ತು. ಮದುವೆಯ ದಿಬ್ಬಣ ಹೊತ್ತ ಕಾರೇ ಪಣದ ಕಾರಾಗುವುದು ನಮ್ಮವರಿಗೆ ಹೊಸ ಮಾತಲ್ಲ. ವರ್ಷವೆಲ್ಲ ಹೊಲ ಉತ್ತ ಎತ್ತೇ ಜಾತ್ರೆಯ ದಿನ ಗಾಡಾ ಎಳೆಯುವುದನ್ನು ನಾವು ಚಿಕ್ಕಂದಿನಿಂದ ನೋಡಿದ್ದೇವೆ.

ನಮ್ಮ ದೇಶದಲ್ಲಿ ಈ ಓಟಗಳ ಇತಿಹಾಸವು ತೀರ ಈಚಿನದಲ್ಲ. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಸ್ಥಾಪನೆಯಾದುದು ೧೯೫೩ರಲ್ಲಿ. ಶೋಲಾವರಂ ಎಂಬಲ್ಲಿಯ ಹಳೆಯ ವಿಮಾನಪಟ್ಟಿಯ ಮೇಲೆ ಅವರು ಅನೇಕ ವರ್ಷ ಓಟ ನಡೆಸಿದರು. ಆಮೇಲೆ ಶ್ರೀಪೆರುಂಬುದೂರಿನ ಬಳಿಯ ಇರುಂಗಾಟ್ಟುಕೋಟ್ಟೈಯಲ್ಲಿ ಓಟಕ್ಕೆಂದೇ ಪಥವನ್ನು ಕಟ್ಟಿಸಿದರು. ಅದು ೧೯೯೦ರಲ್ಲಿ ತೆರೆಯಿತು. ಅದರ ಒಂದು ಸುತ್ತು ಸುಮಾರು ೩.೭ ಕಿಲೋಮೀಟರು. ಕೊಯಮತ್ತೂರಿನ ಬಳಿಯ ಪಥವು ೨೦೦೩ರಲ್ಲಿ ಆರಂಭವಾಯಿತು. ಅದಕ್ಕೆ ೧೯೯೫ರಲ್ಲಿ ತೀರಿಕೊಂಡ ಓಟಗಾರ ಕರಿವರ್ಧನ್ ಅವರ ಹೆಸರಿಟ್ಟಿದ್ದಾರೆ. ದಿಲ್ಲಿಯ ಹತ್ತಿರ ಬುದ್ಧ ಪಥದಲ್ಲಿ ೨೦೧೧ರಿಂದ ೨೦೧೩ರ ವರೆಗೆ ಫಾರ್ಮುಲಾ ಒನ್ ಓಟವೇ ನಡೆಯಿತು. ರಾಷ್ಟ್ರೀಯ ಚಾಂಪಿಯನ್‌ಷಿಪ್ ಭಾರತೀಯ ಮೋಟಾರು ಕ್ರೀಡಾ ಸಂಸ್ಥೆಗಳ ಒಕ್ಕೂಟದ ಮನ್ನಣೆಯಲ್ಲಿ ನಡೆಯುತ್ತದೆ. ಅದರಲ್ಲಿ ಇಂಡಿಯನ್ ಟೂರಿಂಗ್ ಕಾರ್ಸ್ ಎಂದೂ, ಇಂಡಿಯನ್ ಜೂನಿಯರ್ ಟೂರಿಂಗ್ ಕಾರ್ಸ್ ಎಂದೂ ವರ್ಗಗಳುಂಟು.

ಇಲ್ಲಿ ನನ್ನ ಗಮನ ಸೆಳೆದ ಸಂಗತಿ ಯಾವುದೆಂದರೆ, ಈ ಚಾಂಪಿಯನ್‌ಷಿಪ್ ಒಂದು ದಿನದ್ದಲ್ಲ, ಒಂದು ಹಂಗಾಮಿನದು. ವರ್ಷದಲ್ಲಿ ಹಲವು ಸುತ್ತುಗಳು ನಡೆಯುತ್ತವೆ. ಪ್ರತಿ ಓಟದಲ್ಲಿಯೂ ಬಂದ ಸ್ಥಾನಕ್ಕೆ ತಕ್ಕಂತೆ ಅಂಕ ಕೊಡುತ್ತಾರೆ. ಕೊನೆಗೆ ಎಲ್ಲ ಅಂಕಗಳನ್ನು ಕೂಡಿಸಿ, ಯಾರವು ಹೆಚ್ಚೋ ಅವರನ್ನು ವರ್ಷದ ವಿಜಯಿಯೆಂದು ಸಾರುತ್ತಾರೆ. ಒಂದು ದಿನ ದೈವ ಕೈಕೊಟ್ಟರೆ ಇನ್ನೊಂದು ದಿನ ಉಂಟು. ಒಂದು ದಿನ ಮೋಸದಿಂದ ಗೆದ್ದರೂ ವರ್ಷವೆಲ್ಲ ಮೋಸದಿಂದ ಗೆಲ್ಲುವುದು ಕಷ್ಟ. ಅದಕ್ಕಿಂತ ಮುಖ್ಯವಾದುದು ಇನ್ನೊಂದಿದೆ. ಒಂದೇ ಓಟದಲ್ಲಿ ಕಾರನ್ನು ಮುರಿದುಕೊಂಡವನಿಗೆ ಮುಂದಿನ ಸುತ್ತಿನಲ್ಲಿ ಕಾರಿಲ್ಲ. ಆದುದರಿಂದ ಜಾಣನಾದ ಚಾಲಕನು ಎಲ್ಲಿ ಮುನ್ನುಗ್ಗಬೇಕು, ಎಲ್ಲಿ ಎರಡನೆಯ ಸ್ಥಾನಕ್ಕೆ ತೃಪ್ತನಾಗಿ ಕಾರನ್ನು ಕ್ಷೇಮವಾಗಿ ಮನೆಗೆ ತರಬೇಕು ಎಂಬುದನ್ನು ಕಲಿಯುತ್ತಾನೆ. ಹಂಗಾಮಿನ ಲೆಕ್ಕವು ಮನುಷ್ಯನಿಗೆ ತಾಳ್ಮೆಯನ್ನು ಕಲಿಸುತ್ತದೆ.

ಇನ್ನು ನಮ್ಮ ಗಾಡಾ ಸ್ಪರ್ಧೆಯನ್ನು ನೋಡೋಣ. ಗದಗ-ಬೆಟಗೇರಿಯ ಸುತ್ತಲಿನ ಹಳ್ಳಿಗಳಲ್ಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಕಡೆಯಲ್ಲಿ ಸುಗ್ಗಿ ಮುಗಿದು ಹೊಲ ಬರಿದಾದ ಮೇಲೆ ಈ ಶರ್ಯತ್ತುಗಳು ಆರಂಭವಾಗುತ್ತವೆ. ಜೋಡೆತ್ತುಗಳನ್ನು ಖಾಲಿ ಗಾಡಾಕ್ಕೆ ಹೂಡುತ್ತಾರೆ. ಕಾರುಗಳಂತೆ ಎಲ್ಲರೂ ಒಮ್ಮೆಲೆ ಹೊರಡುವುದಿಲ್ಲ. ಒಂದೊಂದೇ ಜೋಡಿ ಓಡುತ್ತದೆ. ಒಂದು ನಿಮಿಷದಲ್ಲಿ ಯಾವ ಜೋಡಿ ಎಷ್ಟು ಅಡಿ ದೂರ ಹೋಯಿತೆಂಬುದನ್ನು ಅಳೆದು ಬಹುಮಾನ ಕೊಡುತ್ತಾರೆ. ಬಹುಮಾನವೂ ಸಣ್ಣದಲ್ಲ. ಮೋಟಾರ್ ಸೈಕಲ್ಲು, ಬಂಗಾರ, ಸಾವಿರಾರು ರೂಪಾಯಿ ನಗದು. ಎರಡೂ ಬದಿಗೆ ಜನವೋ ಜನ. ಆ ಒಂದು ನಿಮಿಷದ ಸಲುವಾಗಿ ಒಕ್ಕಲಿಗನು ವರ್ಷವೆಲ್ಲ ಎತ್ತಿಗೆ ಹುರುಳಿ, ಹತ್ತಿಕಾಳು, ಶೇಂಗಾ ಹಿಂಡಿ ತಿನ್ನಿಸುತ್ತಾನೆ; ತನ್ನ ಮಕ್ಕಳಿಗಿಲ್ಲದ ಹಾಲು ಮೊಟ್ಟೆಗಳನ್ನೂ ಕೊಡುತ್ತಾನೆ. ಟ್ರ್ಯಾಕ್ಟರು ಬಂದ ಮೇಲೆ ಎತ್ತು ಸಾಕುವವರು ಕಡಿಮೆಯಾದ ಈ ದಿನಗಳಲ್ಲಿ, ಒಳ್ಳೆಯ ಕಿಲಾರಿ ಹೋರಿಗಳು ನಮ್ಮ ಕಡೆ ಉಳಿದುದಕ್ಕೆ ಈ ಸ್ಪರ್ಧೆಗಳೂ ಒಂದು ಕಾರಣವೆಂದು ನಾನು ನಂಬಿದ್ದೇನೆ. ಆದುದರಿಂದ ನಾನು ಈ ಆಟದ ವೈರಿಯಲ್ಲ. ಇದರ ಮಡಿಲಲ್ಲಿಯೇ ಬೆಳೆದವನು.

ಆದರೆ ಬೆಳೆದವನಾದ್ದರಿಂದಲೇ ಒಂದು ಸಂಗತಿಯನ್ನು ಮುಚ್ಚಿಡದೆ ಹೇಳಬೇಕಾಗಿದೆ.

ನಮ್ಮಣ್ಣ ಎಂಟನೆಯ ಇಯತ್ತೆಗೆ ಶಾಲೆ ಬಿಟ್ಟು ಅಪ್ಪನ ಜೊತೆಗೆ ಕಮತಕ್ಕೆ ನಿಂತನು. ಅವನು ನಿಂತುದರಿಂದಲೇ ನಾನು ಓದಲು ಸಾಧ್ಯವಾಯಿತು. ಅವನಿಗಿದ್ದ ಒಂದೇ ಹುಚ್ಚೆಂದರೆ ಗಾಡಾ. ನಮ್ಮ ಮನೆಯಲ್ಲಿ ಬಸ್ಯಾ, ಚೆನ್ನ್ಯಾ ಎಂಬ ಎರಡು ಎತ್ತುಗಳಿದ್ದವು. ಎರಡು ವರ್ಷದ ಹಿಂದೆ ಒಂದು ಊರಿನ ಸ್ಪರ್ಧೆಯಲ್ಲಿ ಅವು ಎಲ್ಲರಿಗಿಂತ ಮುಂದೆ ಹೋದವೆಂದು ನೋಡಿದವರೆಲ್ಲ ಅಂದರು. ಅಷ್ಟರಲ್ಲಿ ಕೊನೆಗೆ ಓಡಿದ ಇನ್ನೊಂದು ಜೋಡಿಯೂ ಹೆಚ್ಚುಕಡಿಮೆ ಅಲ್ಲಿಗೇ ಬಂದು ಮುಟ್ಟಿತು. ಅಳತೆಗೆ ಇದ್ದುದು ಒಂದು ಹಗ್ಗ. ಎಳೆದು ಹಿಡಿದರೆ ಒಂದು ಲೆಕ್ಕ, ಸಡಿಲ ಬಿಟ್ಟರೆ ಇನ್ನೊಂದು ಲೆಕ್ಕ. ಗಡಿಯಾರ ಹಿಡಿದವನು ಸೀಟಿ ಊದಿದ್ದು ಯಾವಾಗ, ಆಗ ಗಾಲಿ ಇದ್ದುದು ಎಲ್ಲಿ ಎಂಬುದಕ್ಕೂ ಸಾಕ್ಷಿಯಿಲ್ಲ. ಮೂರು ಸಲ ಅಳೆದರು. ಮೂರು ಸಲವೂ ಬೇರೆ ಬೇರೆ ಅಡಿ ಬಂದಿತು. ಕತ್ತಲಾಗುತ್ತ ಬಂದಿತು. ಜನ ಕೂಗತೊಡಗಿದರು. ಕೊನೆಗೆ ಪಂಚರು, "ಚೀಟಿ ಎತ್ತೋಣ" ಎಂದರು. ಒಂದು ಸಣ್ಣ ಹುಡುಗನನ್ನು ಕರೆದು ಚೀಟಿ ಎತ್ತಿಸಿದರು. ಚೀಟಿ ನಮ್ಮದಾಗಿರಲಿಲ್ಲ. ಮೋಟಾರ್ ಸೈಕಲ್ಲು ಬೇರೆಯವರ ಮನೆಗೆ ಹೋಯಿತು. ಆ ರಾತ್ರಿ ಎರಡು ಊರಿನ ಹುಡುಗರು ಬಡಿದಾಡಿದರು. ಇಂದಿಗೂ ಆ ಊರಿನವರಿಗೂ ನಮಗೂ ಮಾತಿಲ್ಲ.

ಅಣ್ಣ ಜಗಳಕ್ಕೆ ಹೋಗಲಿಲ್ಲ. ಎತ್ತುಗಳ ಕೊರಳ ಗೆಜ್ಜೆ ಬಿಚ್ಚಿ ಕೈಯಲ್ಲಿ ಹಿಡಿದು ಹಾಗೆಯೇ ನಡೆದು ಮನೆಗೆ ಬಂದನು. ಮುಂದಿನ ಸ್ಪರ್ಧೆಯ ಹಿಂದಿನ ರಾತ್ರಿ ನನ್ನನ್ನು ಕರೆದು, "ತಮ್ಮಾ, ಈ ಬಾರಕೋಲಿನ ತುದಿಗೆ ಒಂದು ಮೊಳಿ ಬಡದು ಕೊಡು. ಈ ಸಲ ಅಳತಿಗೆ ಜಾಗಾನ ಇರಬಾರದು, ಅಷ್ಟು ಮುಂದ ಹೋಗಬೇಕು" ಎಂದನು. ನಾನು ಬಿ.ಎ. ಮೊದಲನೆಯ ವರ್ಷದ ವಿದ್ಯಾರ್ಥಿ. ಬೇಡವೆನ್ನಲು ನನಗೆ ತಿಳಿವಳಿಕೆ ಇತ್ತು, ಧೈರ್ಯವಿರಲಿಲ್ಲ. ನಾನೇ ಮೊಳೆ ಬಡಿದು ಕೊಟ್ಟೆನು. ಮರುದಿನ ನಮ್ಮ ಎತ್ತುಗಳಿಗೆ ಮೂರನೆಯ ಬಹುಮಾನ ಬಂದಿತು. ಬಸ್ಯಾನ ತೊಡೆಯ ಮೇಲೆ ರಕ್ತ ಇಳಿದು ಗೊರಸಿನವರೆಗೆ ಬಂದಿತ್ತು. ಗಾಯ ಕೀವಾಯಿತು. ಆ ವರ್ಷ ಅದು ಮುಂಗಾರಿ ಬಿತ್ತಿಗೆಗೆ ಬರಲಿಲ್ಲ. ನೆರೆಯವರ ಎತ್ತನ್ನು ಬಾಡಿಗೆಗೆ ತಂದು ಬಿತ್ತಿದೆವು. ಬಂದ ಬಹುಮಾನದ ಹಣ ಔಷಧಿಗೂ ಬಾಡಿಗೆಗೂ ಸಾಲಲಿಲ್ಲ.

ನಮ್ಮ ಭಾಷೆಯಲ್ಲಿ ಗಾಡಿ ನಡೆಸುವುದಕ್ಕೆ "ಗಾಡಿ ಹೊಡೆಯುವುದು" ಎನ್ನುತ್ತೇವೆ. ಆ ಮಾತಿನ ಅರ್ಥವನ್ನು ನಾನು ಅಂದು ಕಂಡೆನು. ಅಣ್ಣನು ಕ್ರೂರನಲ್ಲ. ಬಸ್ಯಾನಿಗೆ ಜ್ವರ ಬಂದಾಗ ಗೋದಲಿಯಲ್ಲಿಯೇ ಮಲಗಿದವನು ಅವನು. ಅಂಥವನ ಕೈಗೆ ಮೊಳೆ ಬಂದುದು ಹೇಗೆ? ಬಹಳ ದಿನ ಯೋಚಿಸಿದ ಮೇಲೆ ನನಗೆ ಹೊಳೆದ ಉತ್ತರವಿಷ್ಟು: ಅಳತೆಯಲ್ಲಿ ನ್ಯಾಯವಿಲ್ಲದ ಕಡೆ ಬಾರಕೋಲಿಗೆ ಮೊಳೆ ಬರುತ್ತದೆ. ಪ್ರಾಮಾಣಿಕವಾಗಿ ಓಡಿ ಗೆದ್ದುದು ಚೀಟಿಯಲ್ಲಿ ಹೋಗುವುದಾದರೆ, ಪ್ರಾಮಾಣಿಕನಾಗಿರಲು ಮನುಷ್ಯನಿಗೆ ಕಾರಣವೇ ಉಳಿಯುವುದಿಲ್ಲ.

ಮೋಟಾರು ಓಟದ ಇತಿಹಾಸವನ್ನು ಓದುವಾಗ ನಮ್ಮ ಈ ಚೀಟಿಯ ಕಥೆಗೆ ಜೋಡಿಯಾದ ಒಂದು ಕಥೆ ನನಗೆ ಸಿಕ್ಕಿತು. ಬ್ರಿಟನ್ನಿನಲ್ಲಿ ಟೂರಿಂಗ್ ಕಾರುಗಳ ರಾಷ್ಟ್ರೀಯ ಚಾಂಪಿಯನ್‌ಷಿಪ್ ಆರಂಭವಾದುದು ೧೯೫೮ರಲ್ಲಿ. ಆಗ ಅದನ್ನು ಸಲೂನ್ ಕಾರುಗಳ ಚಾಂಪಿಯನ್‌ಷಿಪ್ ಎನ್ನುತ್ತಿದ್ದರು. ಇಂಜಿನ್ನಿನ ಗಾತ್ರಕ್ಕನುಸಾರವಾಗಿ ಕಾರುಗಳನ್ನು ವರ್ಗಗಳಾಗಿ ವಿಂಗಡಿಸಿ, ಆಯಾ ವರ್ಗದೊಳಗಿನ ಸ್ಥಾನಕ್ಕೆ ಅಂಕ ಕೊಟ್ಟರು. ಇದರಿಂದ ಸಣ್ಣ ಕಾರಿನವನೂ ದೊಡ್ಡ ಕಾರಿನವನೊಡನೆ ವರ್ಷದ ಗೆಲುವಿಗೆ ಸರಿಸಮನಾಗಿ ಹೋರಾಡುವಂತಾಯಿತು. ಆ ಮೊದಲ ಹಂಗಾಮಿನ ಕೊನೆಯಲ್ಲಿ ಇಬ್ಬರ ಅಂಕಗಳು ಸಮವಾದವು. ಒಬ್ಬನು ಟಾಮಿ ಸಾಪ್‌ವಿತ್. ಹೆಸರಾಂತ ವಿಮಾನ ತಯಾರಕನ ಮಗ. ಜಾಗ್ವಾರ್ ಕಾರಿನಲ್ಲಿ ಓಡಿದವನು. ಇನ್ನೊಬ್ಬನು ಜಾಕ್ ಸಿಯರ್ಸ್. ನಾರ್‌ಫೋಕ್ ಪ್ರಾಂತದ ಒಕ್ಕಲಿಗ. ಆಸ್ಟಿನ್ ಕಾರಿನಲ್ಲಿ ಓಡಿದವನು.

ಅಲ್ಲಿಯ ಪಂಚರು ಏನು ಹೇಳಿದರು ಬಲ್ಲಿರಾ? ನಾಣ್ಯ ಚಿಮ್ಮಿ ನಿರ್ಣಯಿಸೋಣವೆಂದರು! ಇಬ್ಬರು ಚಾಲಕರೂ ಅದನ್ನು ಒಪ್ಪಲಿಲ್ಲ. ಆಗ ಒಂದೇ ತರಹದ ಎರಡು ರೈಲಿ ಕಾರುಗಳನ್ನು ತರಿಸಿದರು. ಬ್ರ್ಯಾಂಡ್ಸ್ ಹ್ಯಾಚ್ ಪಥದಲ್ಲಿ ಇಬ್ಬರೂ ಐದು ಸುತ್ತು ಓಡಿದರು. ಆಮೇಲೆ ಕಾರುಗಳನ್ನು ಅದಲುಬದಲು ಮಾಡಿಕೊಂಡು ಮತ್ತೆ ಐದು ಸುತ್ತು ಓಡಿದರು. ಎರಡು ಓಟಗಳ ಸಮಯವನ್ನು ಕೂಡಿಸಿ ನೋಡಿದಾಗ ಒಕ್ಕಲಿಗನಾದ ಸಿಯರ್ಸನು ೧.೬ ಸೆಕೆಂಡಿನಿಂದ ಗೆದ್ದಿದ್ದನು. ಸೋತವನು ನನ್ನ ಕಾರು ಕೆಟ್ಟದಿತ್ತೆಂದು ಹೇಳುವಂತಿರಲಿಲ್ಲ. ಅದೇ ಕಾರಿನಲ್ಲಿ ಗೆದ್ದವನೂ ಓಡಿದ್ದನು. ನ್ಯಾಯವೆಂದರೆ ಇದು. ಗೆದ್ದವನಿಗಿಂತ ಹೆಚ್ಚಾಗಿ ಸೋತವನಿಗೆ ಸಮಾಧಾನ ಕೊಡುವಂಥ ತೀರ್ಮಾನ. ನಮ್ಮೂರಿನ ಸ್ಪರ್ಧೆಯಲ್ಲಿ ಇಲ್ಲದೆ ಹೋದುದು ಇದೊಂದೇ.

ಮೋಟಾರು ಓಟದವರೇನು ಹುಟ್ಟಿನಿಂದ ಸಜ್ಜನರೆಂದು ನಾನು ಹೇಳುತ್ತಿಲ್ಲ. ಅವರೂ ಮೋಸ ಮಾಡಬಲ್ಲರು. ಮಾಡುತ್ತಾರೆಂದು ತಿಳಿದೇ ಕಟ್ಟಳೆಗಳನ್ನು ಬಿಗಿಗೊಳಿಸಿದ್ದಾರೆ. ಓಟದ ಮುಂಚೆ ಪ್ರತಿಯೊಂದು ಕಾರನ್ನೂ ತನಿಖೆ ಮಾಡುತ್ತಾರೆ. ಓಟ ಮುಗಿದ ಕೂಡಲೆ ಕಾರುಗಳನ್ನು ಒಂದು ಬೇಲಿಯೊಳಗೆ ನಿಲ್ಲಿಸುತ್ತಾರೆ. ಅಲ್ಲಿ ಯಾರೂ ಅವುಗಳನ್ನು ಮುಟ್ಟುವಂತಿಲ್ಲ. ತೂಕ ಹಾಕುತ್ತಾರೆ; ಸಂದೇಹ ಬಂದರೆ ಇಂಜಿನ್ನನ್ನೇ ಬಿಚ್ಚಿ ನೋಡುತ್ತಾರೆ. ಮೊದಲು ಬಂದವನಾದರೂ ಕಟ್ಟಳೆ ಮೀರಿದ್ದರೆ ಅವನ ಗೆಲುವು ಹೋಗುತ್ತದೆ. ಹಳದಿ ನಿಶಾನೆ ತೋರಿಸಿದರೆ ಮುಂದೆ ಅಪಾಯವಿದೆ, ಯಾರೂ ಯಾರನ್ನೂ ದಾಟುವಂತಿಲ್ಲ. ಕೆಂಪು ನಿಶಾನೆ ಬಂದರೆ ಓಟವೇ ನಿಂತಿತು. ತೀರ್ಪು ಒಪ್ಪಿಗೆಯಾಗದಿದ್ದರೆ ಮೇಲೆ ದೂರು ಕೊಡಲು ದಾರಿಯುಂಟು. ಬ್ರಿಟನ್ನಿನ ಚಾಂಪಿಯನ್‌ಷಿಪ್ಪಿನಲ್ಲಂತೂ ಬಹಳ ವರ್ಷಗಳ ಕಾಲ, ಗೆದ್ದ ಕಾರಿಗೆ ಮುಂದಿನ ಓಟದಲ್ಲಿ ಹೆಚ್ಚಿನ ಭಾರವನ್ನು ಹೇರುವ ಪದ್ಧತಿಯೇ ಇದ್ದಿತು.

ಈ ಕಟ್ಟಳೆಗಳು ಸುಮ್ಮನೆ ಬಂದವುಗಳಲ್ಲ. ಕೆಲವಕ್ಕೆ ರಕ್ತದ ಬೆಲೆ ತೆತ್ತಿದ್ದಾರೆ. ೧೯೫೫ರ ಜೂನ್ ೧೧ರಂದು ಫ್ರಾನ್ಸಿನ ಲ ಮಾನ್ ಎಂಬಲ್ಲಿ ಓಟದ ಕಾರೊಂದು ಸಿಡಿದು ಜನರ ಮೇಲೆ ಬಿದ್ದು ಎಂಬತ್ತಕ್ಕೂ ಹೆಚ್ಚು ಪ್ರೇಕ್ಷಕರು ಸತ್ತರು. ಪ್ರೇಕ್ಷಕರಿಗೂ ಪಥಕ್ಕೂ ನಡುವೆ ಇದ್ದ ತಡೆ ಸಾಕಾಗಿರಲಿಲ್ಲ. ಆ ದುರಂತದ ನಂತರ ಪಥಗಳನ್ನು ತಿದ್ದಿದರು, ತಡೆಗಳನ್ನು ಬಲಪಡಿಸಿದರು. ಸ್ವಿಟ್ಜರ್‌ಲೆಂಡ್ ದೇಶವು ಇಂಥ ಓಟವನ್ನೇ ನಿಷೇಧಿಸಿತು. ನಮ್ಮ ಗಾಡಾ ಓಟದಲ್ಲಿ ತಡೆಯೆಂಬುದೇ ಇರುವುದಿಲ್ಲ. ಎರಡು ಬದಿಯ ಜನರೇ ತಡೆ. ಬೆದರಿದ ಎತ್ತು ಪಕ್ಕಕ್ಕೆ ತಿರುಗಿದರೆ ಮುಂದಿನ ಸಾಲಿನಲ್ಲಿರುವವರು ಮಕ್ಕಳು. ನಾವೂ ಒಂದು ದುರಂತದ ದಾರಿ ಕಾಯುತ್ತ ಕೂಡಬೇಕೇ?

ಇದಕ್ಕೆ ನನ್ನ ಊರಿನ ಹಿರಿಯರು ಎರಡು ಆಕ್ಷೇಪಗಳನ್ನು ಎತ್ತುತ್ತಾರೆ. ಎರಡಕ್ಕೂ ಉತ್ತರ ಕೊಡುವುದು ನನ್ನ ಕರ್ತವ್ಯ.

"ಇದು ನಮ್ಮ ಹಿರಿಯರ ಕಾಲದಿಂದ ಬಂದ ಆಟ. ಪರದೇಶದವರ ಮೋಟಾರಿನ ಕಟ್ಟಳೆ ಇದಕ್ಕೇಕೆ?" ಎಂಬುದು ಮೊದಲನೆಯದು. ಕಟ್ಟಳೆಯು ಪರದೇಶದ ಸರಕೇನೂ ಅಲ್ಲ. ನಮ್ಮ ಗದುಗಿನ ವೀರನಾರಾಯಣನ ಗುಡಿಯಲ್ಲಿ ಕುಳಿತು ಕುಮಾರವ್ಯಾಸನು ಭಾರತವನ್ನು ಕನ್ನಡಿಸಿದನೆಂದು ನಾವು ಹೆಮ್ಮೆಪಡುತ್ತೇವೆ. ಮಹಾಭಾರತದ ಭೀಷ್ಮಪರ್ವದಲ್ಲಿ ಯುದ್ಧ ಆರಂಭವಾಗುವ ಮುನ್ನ ಎರಡು ಪಕ್ಷದವರೂ ಕೂಡಿ ನೇಮ ಮಾಡಿಕೊಳ್ಳುತ್ತಾರೆ: ರಥಿಕನು ರಥಿಕನೊಡನೆ, ಕುದುರೆಯವನು ಕುದುರೆಯವನೊಡನೆ ಕಾದಬೇಕು, ಬೆನ್ನು ತಿರುಗಿಸಿದವನನ್ನು ಹೊಡೆಯಬಾರದು. ಸಾಯಲು ಹೊರಟವರಿಗೇ ಕಟ್ಟಳೆ ಬೇಕಾಗಿದ್ದರೆ ಆಡಲು ಹೊರಟವರಿಗೆ ಬೇಡವೇ? ಆ ನೇಮಗಳು ಮುರಿದ ಮೇಲೆ ಏನಾಯಿತೆಂಬುದನ್ನೂ ಆ ಗ್ರಂಥವೇ ಹೇಳುತ್ತದೆ. ಇನ್ನು ನಮ್ಮ ಹಿರಿಯರ ಕಾಲದ ಓಟವನ್ನೇ ನೋಡಿರಿ. ಕಾರಹುಣ್ಣಿಮೆಯ ದಿನ ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಸಂಜೆ ಕರಿ ಹರಿಸುತ್ತಾರೆ. ಯಾವ ಬಣ್ಣದ ಎತ್ತು ಮುಂದೆ ಬಂದಿತೆಂಬುದನ್ನು ನೋಡಿ ಮುಂಗಾರಿ ಬೆಳೆ ಚೆನ್ನಾಗುವುದೋ ಹಿಂಗಾರಿ ಬೆಳೆಯೋ ಎಂದು ಹೇಳುತ್ತಾರೆ. ಅಲ್ಲಿ ಗೆದ್ದ ಎತ್ತಿನಿಂದ ಇಡೀ ಊರಿಗೆ ಮಾತು ಸಿಗುತ್ತಿತ್ತು. ಒಬ್ಬನಿಗೆ ಮೋಟಾರ್ ಸೈಕಲ್ಲು ಸಿಗುತ್ತಿರಲಿಲ್ಲ. ಆಟ ಹಳೆಯದಿರಬಹುದು, ಪಣ ಹೊಸದು. ಹೊಸ ಪಣಕ್ಕೆ ಹೊಸ ಕಟ್ಟಳೆ ಬೇಕು.

ಕಾನೂನಿನ ಮಾತೂ ಇಲ್ಲಿ ಬರುತ್ತದೆ. ೨೦೧೪ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಜಲ್ಲಿಕಟ್ಟು, ಎತ್ತಿನ ಗಾಡಿ ಓಟಗಳನ್ನು ನಿಷೇಧಿಸಿತು. ೨೦೧೭ರಲ್ಲಿ ನಮ್ಮ ರಾಜ್ಯವು ಕಂಬಳಕ್ಕೂ ಎತ್ತಿನ ಓಟಕ್ಕೂ ಅವಕಾಶ ಕೊಡುವಂತೆ ಪ್ರಾಣಿಹಿಂಸೆ ತಡೆಯುವ ಕಾಯಿದೆಗೆ ತಿದ್ದುಪಡಿ ತಂದಿತು. ೨೦೨೩ರ ಮೇ ೧೮ರಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು ತಮಿಳುನಾಡು, ಮಹಾರಾಷ್ಟ್ರ, ಕರ್ನಾಟಕಗಳ ಇಂತಹ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ನಮ್ಮವರು ಪಟಾಕಿ ಹಾರಿಸಿದರು. ಆದರೆ ಈ ಅವಕಾಶ ಬಂದಿರುವುದು, ಪ್ರಾಣಿಗೆ ಅನಾವಶ್ಯಕ ನೋವು ಕೊಡಬಾರದೆಂಬ ಷರತ್ತಿನ ಮೇಲೆ. ಮೊಳೆ ಬಡಿದ ಬಾರಕೋಲು ಆ ಷರತ್ತನ್ನು ಚುಚ್ಚುತ್ತದೆ. ಆಟ ಉಳಿಯಬೇಕೆನ್ನುವವರೇ ಎಲ್ಲರಿಗಿಂತ ಮೊದಲು ಆ ಮೊಳೆಯನ್ನು ಕೀಳಬೇಕು.

ಎರಡನೆಯ ಆಕ್ಷೇಪವು ಹೆಚ್ಚು ತೂಕವುಳ್ಳದ್ದು. "ಕಾರು ಓಟ ಉಳ್ಳವರ ಆಟ. ಅವರಿಗೆ ಕಂಪನಿಗಳಿವೆ, ದುಡ್ಡಿದೆ, ಕಟ್ಟಳೆ ಪಾಲಿಸುತ್ತಾರೆ. ನಮಗೇನಿದೆ?" ಎನ್ನುತ್ತಾರೆ. ಕಾರು ಓಟವು ಉಳ್ಳವರದೆಂಬುದು ನಿಜ. ಟೈರು, ಇಂಧನ, ಕುಶಲಕರ್ಮಿಗಳು, ಉಡುಪು, ಪರವಾನಗಿ — ಇವೆಲ್ಲಕ್ಕೆ ತಗಲುವ ಖರ್ಚನ್ನು ನಮ್ಮಂಥವರ ಮಕ್ಕಳು ಕನಸಿನಲ್ಲಿಯೂ ಹೊರಲಾರರು. ಆದರೆ ಉಳ್ಳವನು ಸೋತರೆ ಅವನ ಊಟಕ್ಕೆ ಕೊರತೆಯಿಲ್ಲ. ಮುರಿದ ಇಂಜಿನ್ನಿಗೆ ಬದಲು ಇಂಜಿನ್ನು ಬರುತ್ತದೆ. ನಮ್ಮ ಎತ್ತು ಮುರಿದರೆ ಬಿತ್ತಿಗೆಯೇ ಮುರಿಯಿತು. ಕಳೆದುಕೊಳ್ಳುವುದಕ್ಕೆ ಹೆಚ್ಚು ಇರುವವರು ನಾವು. ಆದುದರಿಂದ ಕಟ್ಟಳೆಯ ಅವಶ್ಯಕತೆ ಅವರಿಗಿಂತ ನಮಗೇ ಹೆಚ್ಚು. ಇನ್ನೊಂದು ಮಾತು. ಕಾರಿನೊಳಗೆ ಕುಳಿತವನು ತಾನೇ ಒಪ್ಪಿ ಕುಳಿತವನು. ಎತ್ತನ್ನು ಯಾರೂ ಕೇಳಿರುವುದಿಲ್ಲ. ಕಾರಿಗೂ ಎತ್ತಿಗೂ ಹೋಲಿಕೆ ಎಷ್ಟೇ ಮಾಡಿದರೂ ಈ ಭೇದವನ್ನು ನಾವು ಮರೆಯಬಾರದು. ಕಾರು ಓಟದವರು ಕಬ್ಬಿಣಕ್ಕೆ ತೋರಿಸುವಷ್ಟು ಎಚ್ಚರಿಕೆಯನ್ನಾದರೂ ನಾವು ಜೀವಕ್ಕೆ ತೋರಿಸಬೇಡವೇ?

ಹಾಗಾದರೆ ಮಾಡಬೇಕಾದುದೇನು? ಬಹಳ ದೊಡ್ಡ ಮಾತೇನೂ ಬೇಕಾಗಿಲ್ಲ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಈ ನಾಲ್ಕು ಕಡೆಯ ಸ್ಪರ್ಧೆಗಳ ಪಂಚರು ಒಂದೆಡೆ ಕೂಡಿ ಇದನ್ನೊಂದು ಹಂಗಾಮಾಗಿ ಮಾಡಲಿ. ನಾಲ್ಕು ಊರು, ನಾಲ್ಕು ಸುತ್ತು. ಪ್ರತಿ ಸುತ್ತಿನಲ್ಲಿಯೂ ಸ್ಥಾನಕ್ಕೆ ತಕ್ಕ ಅಂಕ. ದೊಡ್ಡ ಬಹುಮಾನವು ಕೊನೆಯಲ್ಲಿ, ಒಟ್ಟು ಅಂಕಕ್ಕೆ. ಒಂದು ಸುತ್ತಿಗೂ ಇನ್ನೊಂದಕ್ಕೂ ನಡುವೆ ಕೆಲವು ವಾರಗಳಾದರೂ ಇರಲಿ, ಎತ್ತು ದಣಿವಾರಿಸಿಕೊಳ್ಳಲಿ. ಆಗ ಯಾವ ಒಕ್ಕಲಿಗನೂ ಮೊದಲ ದಿನವೇ ಎತ್ತಿನ ರಕ್ತ ಇಳಿಸುವುದಿಲ್ಲ. ನಾಲ್ಕನೆಯ ಸುತ್ತಿನ ವರೆಗೆ ಅದು ಅವನಿಗೆ ಬೇಕು. ಒಂದು ದಿನದ ಬಹುಮಾನವು ಎತ್ತನ್ನು ಸವೆಸುತ್ತದೆ. ಹಂಗಾಮಿನ ಲೆಕ್ಕವು ಎತ್ತನ್ನು ಉಳಿಸುತ್ತದೆ.

ಹಗ್ಗದ ಬದಲು ಉಕ್ಕಿನ ಟೇಪು ಬರಲಿ. ನೆಲದ ಮೇಲೆ ಹತ್ತು ಹತ್ತು ಅಡಿಗೊಂದು ಸುಣ್ಣದ ಗೆರೆ ಎಳೆಯಲಿ. ಗಡಿಯಾರವನ್ನು ಒಬ್ಬರಲ್ಲ, ಮೂವರು ಹಿಡಿಯಲಿ. ಗಾಲಿ ನಿಂತ ಜಾಗವನ್ನು ಮೊಬೈಲಿನಲ್ಲಿ ಚಿತ್ರ ತೆಗೆದಿಡಲಿ. ಎರಡು ಜೋಡಿ ಸಮವಾದರೆ ಚೀಟಿ ಬೇಡ. ಅಂಕವನ್ನು ಇಬ್ಬರಿಗೂ ಹಂಚಲಿ. ದಣಿದ ಎತ್ತುಗಳನ್ನು ಮತ್ತೆ ಓಡಿಸುವುದು ಸಲ್ಲದು. ಸಿಯರ್ಸ್ ಸಾಪ್‌ವಿತ್ತರ ಪದ್ಧತಿ ಕಾರಿಗೆ ಸರಿ. ಓಟದ ಮುಂಚೆಯೂ ಓಟದ ನಂತರವೂ ಪಶುವೈದ್ಯರು ಪ್ರತಿ ಎತ್ತನ್ನೂ ನೋಡಲಿ. ಮೈಮೇಲೆ ಹೊಸ ಗಾಯ ಕಂಡರೆ ಆ ಜೋಡಿಯ ಅಂಕ ಶೂನ್ಯ. ನಮ್ಮ ಗದುಗಿನಲ್ಲಿಯೇ ಪಶುವೈದ್ಯಕೀಯ ಮಹಾವಿದ್ಯಾಲಯವಿದೆ. ಅಲ್ಲಿಯ ವಿದ್ಯಾರ್ಥಿಗಳಿಗೂ ಇದರಿಂದ ಅನುಭವ ದೊರೆತೀತು. ಬಾರಕೋಲನ್ನು ಓಟದ ಗೆರೆಯ ಬಳಿಯೇ ಕಸಿದಿಟ್ಟುಕೊಂಡು, ಪಂಚರೇ ಒಂದು ಬಟ್ಟೆಯ ಚಾಟಿ ಕೊಡಲಿ. ಬಿಸಿಲೇರುವ ಮೊದಲೇ ಓಟ ಮುಗಿಯಲಿ. ಪಥದ ಎರಡೂ ಬದಿಗೆ ಬಿದಿರು ಕಟ್ಟಲಿ; ಮಕ್ಕಳು ಅದರ ಆಚೆ ನಿಲ್ಲಲಿ. ಇದಕ್ಕೆಲ್ಲ ತಗಲುವ ಖರ್ಚು ಒಂದು ಮೋಟಾರ್ ಸೈಕಲ್ಲಿನ ಬೆಲೆಗಿಂತ 
ಕಡಿಮೆಯೇ ಆದೀತು.

ಇಲ್ಲಿ ನಮ್ಮ ಪಾತ್ರವೂ ಇದೆ. ನಮ್ಮ ಕಾಲೇಜಿನಲ್ಲಿ ಓದುವವರಲ್ಲಿ ಹೆಚ್ಚಿನವರು ಎತ್ತು ಕಟ್ಟಿದ ಮನೆಗಳಿಂದಲೇ ಬಂದವರು. ಪದವಿ ಪಡೆದ ಕೂಡಲೆ ನಾವು ಗಾಡಾ ಶರ್ಯತ್ತನ್ನು ಹಳ್ಳಿಯವರ ಆಟವೆಂದು ಮೂಗು ಮುರಿಯುತ್ತೇವೆ. ಇಲ್ಲವೆ ಜನರ ನಡುವೆ ನಿಂತು ಎಲ್ಲರಂತೆ ಕೇಕೆ ಹಾಕುತ್ತೇವೆ. ಎರಡೂ ಸುಲಭ. ಟೇಪು ಹಿಡಿದು ನಿಂತು, "ಅಜ್ಜಾರ, ಅಳತಿ ಇಷ್ಟ ಬಂದೈತ್ರಿ" ಎಂದು ಇದ್ದುದನ್ನು ಇದ್ದಂತೆ ಹೇಳುವುದು ಕಷ್ಟ. ಆದರೆ ಓದಿದವರು ಊರಿಗೆ ಕೊಡಬಹುದಾದ ಮೊದಲ ಉಪಕಾರ ಅದೇ ಎಂದು ನನಗೆ ತೋರುತ್ತದೆ.

ಈ ಲೇಖನ ಬರೆಯುವ ಮೊದಲು ಊರಿಗೆ ಹೋಗಿದ್ದೆ. ಅಣ್ಣನಿಗೆ ಆ ಇಬ್ಬರು ಚಾಲಕರು ಕಾರು ಅದಲುಬದಲು ಮಾಡಿಕೊಂಡ ಕಥೆಯನ್ನು ಹೇಳಿದೆನು. ಅವನು ಮೇವು ಹಾಕುತ್ತಲೇ ಕೇಳಿದನು. ಎಲ್ಲ ಮುಗಿದ ಮೇಲೆ ಬಸ್ಯಾನ ತೊಡೆಯ ಮೇಲೆ ಕೂದಲು ಬಾರದೆ ಉಳಿದ ಕಲೆಯ ಮೇಲೆ ಕೈಯಾಡಿಸುತ್ತ, "ಅಳತಿ ಸರಿ ಇದ್ದಿದ್ರ ಮೊಳಿ ಯಾಕ ಬೇಕಿತ್ತೋ ತಮ್ಮಾ" ಎಂದನು. ಮೊಳೆ ಬಡಿದ ಕೈ ನನ್ನದು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಬರುವ ಸುಗ್ಗಿಯ ಹೊತ್ತಿಗೆ ನಾನು ಈ ಕಾಲೇಜನ್ನು ಬಿಟ್ಟಿರುತ್ತೇನೆ. ನಮ್ಮ ಸುತ್ತಲಿನ ಯಾವ ಊರಿನಲ್ಲಿಯಾದರೂ ಸ್ಪರ್ಧೆ ನಡೆದರೆ, ಅಲ್ಲಿಯ ಪಂಚರು ಒಪ್ಪಿದರೆ, ಟೇಪು ಹಿಡಿಯಲು ನಾನು ಬರುವೆನು. ಇನ್ನೊಂದು ತುದಿಯನ್ನು ಹಿಡಿಯಲು ಒಬ್ಬರು ಬೇಕು. ನನ್ನ ಸಹಪಾಠಿಗಳಲ್ಲಿ ಯಾರಾದರೂ ಮುಂದೆ ಬರುವರೆಂದು ನಂಬಿದ್ದೇನೆ.